ಪೇಂಟ್ ವಾಸನೆಗೆ ಈರುಳ್ಳಿ ಮದ್ದಲ್ಲ

ಪ್ರಶ್ನೆ: ನಮ್ಮದು ಶಿವಮೊಗ್ಗದ ಹಳೇ ಮನೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮಗಳು, ಎರಡು ವರ್ಷದ ಮೊಮ್ಮಗ, ಮಗಳ ಅತ್ತೆಯವರು ಬರ್ತಿದ್ದಾರೆ. ಅತ್ತೆಯವರಿಗೆ ಉಬ್ಬಸ. ಅವರಿಗೆಂದು ಇಟ್ಟ ರೂಮಿನ ಗೋಡೆಗೆ ಎಮಲ್ಷನ್, ಬಾಗಿಲು ಮತ್ತು ಕಿಟಕಿ ಗ್ರಿಲ್ಲಿಗೆ ಹಳೇ ಬಣ್ಣ ಉಜ್ಜಿಸಿ ಆಯಿಲ್ ಪೇಂಟ್ ಹೊಡೆಸಿದ್ದೇವೆ. ಉಳಿದಿರುವುದು ಮೂರೇ ದಿನ, ವಾಸನೆ ಹೋಗುತ್ತಿಲ್ಲ. ಈರುಳ್ಳಿ ಹೆಚ್ಚಿಟ್ಟಿದ್ದಾಯಿತು. ಪೇಂಟರ್ ನೋಡಿದರೆ ರೂಮು ಮುಚ್ಚಿ ಸಾಂಬ್ರಾಣಿ ಹಾಕಿ ಅಂತಾನೆ. ಏನು ಮಾಡಲಿ?

ಉತ್ತರ: ಸಾಂಬ್ರಾಣಿ ಬೇಡ, ರೂಮು ಮುಚ್ಚುವುದಂತೂ ಬೇಡವೇ ಬೇಡ. ಗೋಡೆಯ ಹತ್ತಿರ ಒಮ್ಮೆ, ಬಾಗಿಲ ಹತ್ತಿರ ಒಮ್ಮೆ ಮೂಸಿ ನೋಡಿ. ಘಾಟು ಬಾಗಿಲದ್ದೇ ಇರುತ್ತದೆ. ಎಮಲ್ಷನ್ ನೀರಿನ ಪೇಂಟು. ಗಾಳಿಯಾಡಿದರೆ ಎರಡು-ಮೂರು ದಿನದಲ್ಲಿ ಅದರ ವಾಸನೆ ಬಹುಪಾಲು ಇಳಿಯುತ್ತದೆ. ಆಯಿಲ್ ಪೇಂಟಿನ ಕಥೆ ಬೇರೆ. ಅದಕ್ಕೆ ಬೆರೆಸಿದ ಟರ್ಪೆಂಟೈನ್ ಮೊದಲು ಆವಿಯಾಗುತ್ತದೆ. ಆಮೇಲೆ ಪೇಂಟಿನ ಎಣ್ಣೆಯಂಶ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗಬೇಕು. ಆಗ ಆಲ್ಡಿಹೈಡ್ ಎಂಬ ರಾಸಾಯನಿಕ‌ಗಳು ಹೊರಬಿದ್ದು ಕಮಟು ಎಣ್ಣೆಯಂಥ ವಾಸನೆ ದಿನಗಟ್ಟಲೆ ಉಳಿಯುತ್ತದೆ. ಕೈಗೆ ಅಂಟಲಿಲ್ಲ ಅಂದಮಾತ್ರಕ್ಕೆ ಪೂರ್ತಿ ಒಣಗಿತು ಅಂತಲ್ಲ. ರೂಮು ಮುಚ್ಚಿದರೆ ವಾಸನೆಯೂ ಹೋಗದು, ಪೇಂಟೂ ಬೇಗ ಗಟ್ಟಿಯಾಗದು. ಅದರ ಮೇಲೆ ಮಲೆನಾಡಿನ ಸೆರಗಿನ ಶ್ರಾವಣದ ತೇವ ಬೇರೆ.

ಒಂದು ಟೇಬಲ್ ಫ್ಯಾನ್ ಇದ್ದರೆ ಅರ್ಧ ಕೆಲಸ ಆದಂತೆ. ಅದನ್ನು ಕಿಟಕಿಗೆ ಒತ್ತಿ, ಮುಖ ಹೊರಗೆ ಮಾಡಿ ಇಡಿ. ಎದುರಿನ ಕಿಟಕಿ ತೆಗೆಯಿರಿ. ಇರುವುದು ಒಂದೇ ಕಿಟಕಿಯಾದರೆ ರೂಮಿನ ಬಾಗಿಲು ಗೇಣಗಲ ತೆರೆದಿರಲಿ. ಆ ಸಂದಿಯಲ್ಲಿ ಒಂದು ಟಿಶ್ಯೂ ಕಾಗದ ಹಿಡಿದು ನೋಡಿ, ರೂಮಿನ ಒಳಕ್ಕೆ ವಾಲಬೇಕು. ಹೊರಕ್ಕೆ ವಾಲಿದರೆ ನೀವು ವಾಸನೆಯನ್ನು ಅಡುಗೆಮನೆಗೆ ಕಳಿಸುತ್ತಿದ್ದೀರಿ. ಫ್ಯಾನಿನ ಜಾಗ ಬದಲಿಸಿ. ಬರೀ ಸೀಲಿಂಗ್ ಫ್ಯಾನ್, ಸ್ಪ್ಲಿಟ್ ಎಸಿ ಎರಡೂ ಒಳಗಿನ ಗಾಳಿಯನ್ನೇ ತಿರುವಿಹಾಕುತ್ತವೆ. ಆ ರೂಮಿಗೇ ಸೇರಿದ ಬಚ್ಚಲಿದ್ದು ಅದಕ್ಕೆ ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದೂ ಓಡುತ್ತಿರಲಿ. ಎರಚಲು ಹೊಡೆಯುವಾಗ ಫ್ಯಾನ್ ತೆಗೆದಿಟ್ಟು, ಮಳೆ ಹೊಳವಾದ ಕೂಡಲೇ ಮತ್ತೆ ಹಚ್ಚಿ.

ಈರುಳ್ಳಿ, ಅಡುಗೆ ಸೋಡಾ, ವಿನೆಗರ್ ಬಟ್ಟಲುಗಳ ಮೇಲೆ ನನಗೆ ನಂಬಿಕೆಯಿಲ್ಲ. ಈರುಳ್ಳಿಯಿಂದ ರೂಮಿಗೆ ಇನ್ನೊಂದು ವಾಸನೆ ಸೇರುತ್ತದೆ, ಅಷ್ಟೆ. ವಾಸನೆ ಹೀರಲೆಂದೇ ಸಂಸ್ಕರಿಸಿದ ಇದ್ದಿಲು, ಅಂದರೆ ಆಕ್ಟಿವೇಟೆಡ್ ಚಾರ್ಕೋಲ್‌ಗೆ ಹೀರುವ ಗುಣ ಇರುವುದು ನಿಜ, ಆದರೆ ಗಾಳಿ ಅದರ ಮೂಲಕ ಹಾಯಬೇಕು. ಮೂಲೆಯ ಬಟ್ಟಲಿನಲ್ಲಿ ಕೂತರೆ ಹೆಚ್ಚೇನೂ ಆಗದು. ಒಲೆಯ ಇದ್ದಿಲಂತೂ ಅದಲ್ಲ. ಇನ್ನು ಸಾಂಬ್ರಾಣಿ, ಕರ್ಪೂರ: ಉಬ್ಬಸದವರಿಗೆ ಹೊಗೆಯೇ ಮೊದಲ ಶತ್ರು. ಟರ್ಪೆಂಟೈನ್ ಆವಿಗೆ ಬೆಂಕಿ ಹತ್ತುವ ಅಪಾಯವೂ ಇದೆ.

ಅಟ್ಟದ ಮೇಲೆ, ಮಂಚದ ಕೆಳಗೆ ಕಣ್ಣಾಡಿಸಿ. ಅರ್ಧ ಮುಚ್ಚಿದ ಡಬ್ಬ, ಬ್ರಷ್ ಅದ್ದಿಟ್ಟ ಟರ್ಪೆಂಟೈನ್ ಲೋಟ, ನೆಲಕ್ಕೆ ಹಾಸಿದ್ದ ಪೇಪರ್ ಅಲ್ಲೇ ಇದ್ದರೆ ಫ್ಯಾನ್ ಎಷ್ಟು ತಿರುಗಿದರೂ ದಂಡ. ಪೇಂಟ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಎಣ್ಣೆಯಂಶ ಒಣಗುವಾಗ ಒಳಗೊಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ಮನೆಯ ಹೊರಗೆ, ನೆರಳಿನಲ್ಲಿ ಹರವಿ ಒಣಗಿಸಿ. ಹಾಸಿಗೆ, ಪರದೆ ವಾಸನೆ ಹಿಡಿದಿಟ್ಟುಕೊಳ್ಳುತ್ತವೆ, ಅವು ರೂಮಿಗೆ ಹೋಗುವುದು ಕೊನೆಗೆ.

ನೆಂಟರು ಬರುವ ದಿನ ಬೆಳಿಗ್ಗೆ ರೂಮನ್ನು ಒಂದು ಗಂಟೆ ಮುಚ್ಚಿ. ಆಮೇಲೆ ಹೊರಗಿನಿಂದ ಬಂದ ಯಾರನ್ನಾದರೂ ಒಳಗೆ ಕಳಿಸಿ ಕೇಳಿ, ನಿಮ್ಮ ಮೂಗಿಗೆ ವಾಸನೆ ಅಭ್ಯಾಸವಾಗಿಬಿಟ್ಟಿರುತ್ತದೆ. ಘಾಟು ಇದೆ ಅಂದರೆ ಸಂಕೋಚ ಬಿಟ್ಟು ಅತ್ತೆಯವರಿಗೆ ನಿಮ್ಮ ರೂಮು ಕೊಡಿ, ನೀವು ಹಾಲಿನಲ್ಲಿ ಹಾಸಿಕೊಳ್ಳಿ. ನಾನಾದರೆ ವಾಸನೆ ಇಳಿದಿದ್ದರೂ ಈ ಹಬ್ಬಕ್ಕೆ ಹಾಗೇ ಮಾಡುತ್ತಿದ್ದೆ.

ವಾಸನೆಗಿಂತ ನನಗೆ ಹೆಚ್ಚು ಯೋಚನೆಯಾಗಿದ್ದು ಹಳೇ ಬಣ್ಣ ಉಜ್ಜಿದ ಧೂಳು. ಮನೆಬಳಕೆಯ ಪೇಂಟಿನಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟೋ ಪಟ್ಟು ಹೆಚ್ಚು ಇದ್ದಿರಬಹುದು. ಮೊಮ್ಮಗ ನೆಲಕ್ಕೆ ಕೈಯೂರಿ, ಅದೇ ಕೈ ಬಾಯಿಗಿಡುವ ವಯಸ್ಸಿನವನು. ಪೊರಕೆ ಹಾಕಿದರೆ ಧೂಳು ಎದ್ದು ಮತ್ತೆ ಕೂರುತ್ತದೆ. ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ನೆಲ, ಕಿಟಕಿ ಕಟ್ಟೆ, ಮಂಚದ ಕಾಲಿನ ಸಂದಿಗಳನ್ನೆಲ್ಲ ಒರೆಸಿ. ನೀರು ಬದಲಿಸಿ ಇನ್ನೊಮ್ಮೆ ಒರೆಸಿ. ಆ ಬಟ್ಟೆಯನ್ನು ಮತ್ತೆ ಬಳಸಬೇಡಿ.