ದಾಂಡೇಲಿಯಲ್ಲಿ ಎರಡು ದಿನ ಇರುತ್ತೇವೆ, ರಾಫ್ಟಿಂಗ್ ಬಿಟ್ಟು ಏನಿದೆ? ಊರಿನ ಇತಿಹಾಸವೇನು?

ರಾಫ್ಟಿಂಗ್ ಬಿಟ್ಟು ಊರಿನ ಬಗ್ಗೆ ಕೇಳಿದಿರಲ್ಲ, ಅದೇ ಖುಷಿ. ಎರಡು ದಿನ ಇರುತ್ತೀರಿ ಅಂದಿದ್ದೀರಿ. ಮೊದಲನೇ ಬೆಳಿಗ್ಗೆ, ತಿಂಡಿಗೂ ಮುಂಚೆ, ಅರಣ್ಯ ಇಲಾಖೆಯ ನಾಟಾ (ಮರದ ದಿಮ್ಮಿ) ಡಿಪೋ ಕಡೆ ಹೋಗಿ. ಊರು ಬೆಳೆದದ್ದೇ ಈ ನಾಟಾದಿಂದ.

ಬ್ರಿಟಿಷರ ಕಾಲದಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿನ ಸಾಗವಾನಿ ಸಾಗಿಸಲಿಕ್ಕೆಂದೇ ಧಾರವಾಡ ಜಿಲ್ಲೆಯ ಅಳ್ನಾವರದಿಂದ ರೈಲು ಹಳಿ ಹಾಕಿದರು. ದಿಮ್ಮಿಗಳು ಇಲ್ಲಿ ವ್ಯಾಗನ್ ಹತ್ತಿ ಅಳ್ನಾವರದಲ್ಲಿ ಮುಖ್ಯ ಲೈನ್ ಸೇರುತ್ತಿದ್ದವು. ಪ್ಲೈವುಡ್ ಕಾರ್ಖಾನೆಯೊಂದು ಬಂತು, ಮುಚ್ಚಿಯೂ ಹೋಯಿತು. 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಮಾತ್ರ ಇಂದಿಗೂ ಇದೆ. ಮೊದಲು ಈ ಕಾಡಿನ ಬಿದಿರನ್ನು ನಂಬಿಕೊಂಡಿದ್ದ ಮಿಲ್ಲು ಆಮೇಲೆ ನೆಟ್ಟು ಬೆಳೆಸಿದ ನೀಲಗಿರಿ, ಸುಬಾಬುಲ್ ಕಡೆ ತಿರುಗಿತು. ಪ್ರಯಾಣಿಕರ ರೈಲು ವರ್ಷಗಟ್ಟಲೆ ನಿಂತಿದ್ದು 2019ರಲ್ಲಿ ದಾಂಡೇಲಿ ಪಕ್ಕದ ಅಂಬೇವಾಡಿವರೆಗೆ ಮತ್ತೆ ಓಡಿತು.

ಡಿಪೋದಲ್ಲಿ ದಿಮ್ಮಿಯ ಕೊಯ್ದ ಬದಿಯನ್ನು ಹತ್ತಿರದಿಂದ ನೋಡಿ. ಬಣ್ಣದಲ್ಲಿ ಬರೆದ ನಂಬರು, ಸುತ್ತಿಗೆಯಿಂದ ಹೊಡೆದ ಇಲಾಖೆಯ ಮುದ್ರೆ, ಅದರ ಕೆಳಗೆ ವರ್ಷದ ಉಂಗುರಗಳು. ಒಂದು ಸಾಗವಾನಿಯ ಉಂಗುರ ಎಣಿಸಲು ಹೋಗಿ ಎಪ್ಪತ್ತು ದಾಟಿದ ಮೇಲೆ ನನಗೆ ಲೆಕ್ಕ ತಪ್ಪಿತ್ತು.

ಅಷ್ಟರಲ್ಲಿ ತಲೆ ಮೇಲೆ ಬುಸ್ ಬುಸ್ ಅಂತ ರೆಕ್ಕೆ ಸದ್ದು. ಕಪ್ಪು-ಬಿಳುಪಿನ ಹಾರ್ನ್‌ಬಿಲ್, ನಮ್ಮ ಮಂಗಟ್ಟೆ! ಅತ್ತಿ, ಆಲದ ಹಣ್ಣಿಗೆ ಡಿಪೋ ಆಸುಪಾಸಿಗೇ ಬರುತ್ತವೆ. ಇವು ಗೂಡು ಮಾಡುವುದು ದೊಡ್ಡ, ಹಳೇ ಮರದ ಪೊಟರೆಯಲ್ಲಿ. ಅಂದರೆ ಕೊಡಲಿಗೂ ಈ ಹಕ್ಕಿಗೂ ಬೇಕಾಗಿದ್ದದ್ದು ಒಂದೇ ಮರ. 2011ರಲ್ಲಿ ಕಾಳಿ ನದಿಯ ಬದಿಯ ಕಾಡನ್ನು ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ನಾಟಾ ಊರಿಗೆ ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ ಅನ್ನುತ್ತೇನೆ ನಾನು.

ಉಳಿದವು: ಕುಳಗಿಯ ನೇಚರ್ ಕ್ಯಾಂಪ್, ಕವಳಾ ಗುಹೆ, ಸಿಂಥೇರಿ ಬಂಡೆ. ಸಮಯ ಕಡಿಮೆ ಇದ್ದರೆ ಸಿಂಥೇರಿ ಒಂದನ್ನೇ ಇಟ್ಟುಕೊಳ್ಳಿ. ಮೆಟ್ಟಿಲಿಳಿದು ಕೆಳಗೆ ನಿಂತಾಗ ಆ ಏಕಶಿಲೆ ಪೂರಾ ಆಕಾಶವನ್ನೇ ಮುಚ್ಚಿದ ಹಾಗಿರುತ್ತದೆ. ಬುಡದಲ್ಲಿ ಕಾನೇರಿ ಹೊಳೆ, ಮೇಲೆ ಹೆಜ್ಜೇನು. ದಯವಿಟ್ಟು ಅಲ್ಲಿ ಗದ್ದಲ ಮಾಡಬೇಡಿ. ಗಣೇಶಗುಡಿ ಕಡೆ ಹೋದರೆ ಸೂಪಾ ಅಣೆಕಟ್ಟು. ಹಳೇ ಸೂಪಾ ಊರು ಅದೇ ನೀರಿನಡಿ ಇದೆ. ತಾಲ್ಲೂಕು ಕಚೇರಿಗಳು ಜೋಯಿಡಾಕ್ಕೆ ಹೋದದ್ದು ಹಾಗಾಗಿಯೇ. ರಾಫ್ಟಿಂಗ್ ಕೂಡ ಅಲ್ಲಿ ಕರೆಂಟ್ ತೆಗೆಯಲು ಬಿಡುವ ನೀರನ್ನೇ ನಂಬಿದೆ. ಹೋಗುವ ಮುಂಚೆ ನೀರು ಬಿಡುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಮಾರ್ಚ್-ಏಪ್ರಿಲ್‌ನಲ್ಲಿ ಹೋದರೆ ಇನ್ನೊಂದು ಮಾತು. ಆಗ ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಕೂತು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲು ಮುಚ್ಚಿಕೊಂಡಿರುತ್ತದೆ. ಗಂಡು ಹಣ್ಣು ತಂದು ಕೊಡಬೇಕು. ಯಾವುದಾದರೂ ಮರಕ್ಕೆ ಗಂಡು ಪದೇ ಪದೇ ಬರುತ್ತಿದ್ದರೆ ದೂರದಲ್ಲೇ ನಿಲ್ಲಿ. ನೀವು ಬುಡದಲ್ಲಿದ್ದರೆ ಅದು ಕೆಳಗಿಳಿಯುವುದಿಲ್ಲ, ಒಳಗಿರುವವಳು ಹಸಿದಿರಬೇಕಾಗುತ್ತದೆ.