ರಿಪೋರ್ಟ್‌ನಲ್ಲಿ ‘ಗ್ರಾಂ ಪಾಸಿಟಿವ್ ಬ್ಯಾಸಿಲೈ’ ಎಂದು ಬಂದರೆ ಅದು ಯಾವ ರೋಗ?

ಬಿಳಿಸೆರಗು ಎಂದು ಹೆಂಡತಿಯನ್ನು ಡಾಕ್ಟರಿಗೆ ತೋರಿಸಿದ್ದೀರಿ. ಸ್ವಾಬ್ ರಿಪೋರ್ಟಿನಲ್ಲಿ ‘ಗ್ರಾಂ ಪಾಸಿಟಿವ್ ಬ್ಯಾಸಿಲೈ ಕಂಡುಬಂದಿವೆ’ ಎಂದು ಬಂದಿದೆ. ಗೂಗಲ್‌ನಲ್ಲಿ ಹುಡುಕಿದರೆ ಆಂಥ್ರಾಕ್ಸ್, ಧನುರ್ವಾಯು, ಗಂಟಲುಮಾರಿ ಎಂದೆಲ್ಲ ತೋರಿಸುತ್ತಿದೆ, ಇದರಲ್ಲಿ ನಮಗೆ ಬಂದಿರುವುದು ಯಾವುದು ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಯಾವುದೂ ಅಲ್ಲ. ಗಾಬರಿ ಬಿಡ್ರಿ.

ನಾನು ಕಲಬುರಗಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಆ ಸಾಲು ರೋಗದ ಹೆಸರೇ ಅಲ್ಲ, ಬಣ್ಣ ಮತ್ತು ಆಕಾರದ ವರ್ಣನೆ ಅಷ್ಟೆ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನವನ್ನೇ ಈಗಲೂ ದಿನಾ ಮಾಡುತ್ತೇವೆ: ಸ್ಲೈಡಿಗೆ ಕ್ರಿಸ್ಟಲ್ ವಯೊಲೆಟ್, ಮೇಲೆ ಅಯೊಡಿನ್, ಆಮೇಲೆ ಸ್ಪಿರಿಟ್ಟಿನಿಂದ ತೊಳೆಯುವುದು. ಕೋಶಭಿತ್ತಿ ದಪ್ಪಗಿರುವ ಬ್ಯಾಕ್ಟೀರಿಯಾ ನೇರಳೆ ಬಣ್ಣ ಬಿಟ್ಟುಕೊಡುವುದಿಲ್ಲ, ಅವು ಗ್ರಾಂ ಪಾಸಿಟಿವ್. ಉದ್ದಕ್ಕೆ ಕಡ್ಡಿಯ ಹಾಗಿದ್ದರೆ ಬ್ಯಾಸಿಲೈ. ಯೋನಿಯ ಸ್ವಾಬ್‌ನಲ್ಲಿ ಇಂಥ ಕಡ್ಡಿಗಳು ಸಾಮಾನ್ಯವಾಗಿ ಲ್ಯಾಕ್ಟೋಬ್ಯಾಸಿಲಸ್. ಲ್ಯಾಕ್ಟಿಕ್ ಆಮ್ಲ ತಯಾರಿಸಿ ಬೇರೆ ಸೋಂಕು ತಡೆಯುವ ಜಾತಿ ಅವು. ಇದ್ದರೇ ಒಳ್ಳೆಯದು. ಅವು ಕಡಿಮೆಯಾಗಿ ‘ಕ್ಲೂ ಸೆಲ್’ (ಬೇರೆ ಬ್ಯಾಕ್ಟೀರಿಯಾ ಮುತ್ತಿಕೊಂಡ ಯೋನಿಯ ಕೋಶ) ಕಂಡರೆ ಚಿಕಿತ್ಸೆಯ ಮಾತು ಬರುತ್ತದೆ. ತುರಿಕೆ ಇದ್ದರೆ ಅದೇ ರಿಪೋರ್ಟಿನಲ್ಲಿ ಯೀಸ್ಟ್ ಬಗ್ಗೆ ಏನು ಬರೆದಿದೆ ನೋಡಿ, ಡಾಕ್ಟರನ್ನು ಅದರ ಬಗ್ಗೆ ಕೇಳಿ.

ಅಂದರೆ ಮೊದಲು ಕೇಳಬೇಕಾದ್ದು ಸ್ಯಾಂಪಲ್ ಎಲ್ಲಿಂದ ತೆಗೆದದ್ದು ಅಂತ. ರಕ್ತದ ಕಲ್ಚರ್‌ನ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಒಂದೇ ಬಾಟಲಿಯಲ್ಲಿ ಇವು ಬೆಳೆದರೆ ಎಷ್ಟೋ ಸಲ ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿಕೊಂಡವು. ಆದರೆ ಹಸುಗೂಸಿನ ಬೆನ್ನುಹುರಿ ನೀರಿನಲ್ಲಿ ಕಂಡರೆ ಮೆದುಳಿನ ಪೊರೆಗೆ ಸೋಂಕು ತರುವ ಲಿಸ್ಟೀರಿಯಾ ಇರಬಹುದು, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಗಂಟಲಿನ ಸ್ವಾಬ್ ಬಂದರಂತೂ ನಮ್ಮ ಕೈ ಚುರುಕಾಗುತ್ತದೆ. ಗಂಟಲುಮಾರಿಯ ಕೊರಿನೆಬ್ಯಾಕ್ಟೀರಿಯಂ ಡಿಫ್ತೀರಿಯೆ ನೋಡಲು ಆಲ್ಬರ್ಟ್ ಸ್ಟೇನ್ ಹಾಕುತ್ತೇವೆ. ಹಸಿರು ಕಡ್ಡಿಗಳು, ತುದಿಯಲ್ಲಿ ಕಡುನೀಲಿ ಚುಕ್ಕೆ. ಪೆಟ್ಟಿಗೆಯಿಂದ ಚೆಲ್ಲಿದ ಬೆಂಕಿಕಡ್ಡಿಗಳಂತೆ ಒಂದಕ್ಕೊಂದು ಓರೆಯಾಗಿ ಬಿದ್ದಿರುತ್ತವೆ. ಸ್ಲೈಡ್ ಬರೀ ಸೂಚನೆ, ವಿಷ ಉತ್ಪಾದಿಸುವ ತಳಿಯೋ ಅಲ್ಲವೋ ಎಂಬುದು ಬೇರೆ ಪರೀಕ್ಷೆಯಲ್ಲಿ ಗೊತ್ತಾಗಬೇಕು. ಮಗುವಿನ ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟಿ, ಕುತ್ತಿಗೆ ಊದಿದ್ದರೆ ಡಾಕ್ಟರು ನಮ್ಮ ಕಲ್ಚರಿಗೆ ಕಾಯದೆ ಆಂಟಿಟಾಕ್ಸಿನ್ (ವಿಷ ತಡೆಯುವ ಮದ್ದು) ಕೊಡುತ್ತಾರೆ, ಅದೇ ಸರಿ. ಜೀವಕೋಶದೊಳಗೆ ಹೊಕ್ಕ ವಿಷವನ್ನು ಯಾವ ಔಷಧವೂ ಹೊರಗೆಳೆಯಲಾರದು, ಆಮೇಲೆ ಹೃದಯಕ್ಕೇ ಪೆಟ್ಟು. ಕೂಸಿದ್ದಾಗಿನ ಲಸಿಕೆ ಹಾಕಿಸಿ, ಒಂದೂವರೆ ವರ್ಷದ್ದು, ಐದು ವರ್ಷದ್ದು ಬಿಟ್ಟುಬಿಡುವ ಮನೆಗಳು ನಮ್ಮಲ್ಲಿ ಬಹಳ. ಕೆಲಸಕ್ಕೆಂದು ಪುಣೆ, ಮುಂಬೈಗೆ ಹೋದವರ ಮಕ್ಕಳ ಕಾರ್ಡ್ ನೋಡಿದರೆ ಗೊತ್ತಾಗುತ್ತದೆ.

ಇನ್ನು ನೀವು ಹೆದರಿದ ಆಂಥ್ರಾಕ್ಸ್. ನೀವು ಸುರಪುರದವರು ಅಂದಿದ್ದೀರಿ, ಹಾಗಾಗಿ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ನಮ್ಮ ಕಡೆ ಇದನ್ನು ಕುರಿಗಾರರಿಗೆ ಮೊದಲು ಹೇಳಬೇಕು. ಸಂಜೆ ಮೇದು ಬಂದ ಕುರಿ ಬೆಳಿಗ್ಗೆ ದೊಡ್ಡಿಯಲ್ಲಿ ಸತ್ತು ಬಿದ್ದಿರುತ್ತದೆ, ಹೊಟ್ಟೆ ಉಬ್ಬಿ, ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ. ಹಾಗಿದ್ದರೆ ಚೂರಿ ಮುಟ್ಟಬೇಡಿ. ಒಳಗಿನ ಕ್ರಿಮಿಗೆ ಗಾಳಿ ಸೋಕಿದೊಡನೆ ಅದು ಸ್ಪೋರ್ (ಗಟ್ಟಿ ಕವಚದೊಳಗೆ ಮಲಗಿರುವ ರೂಪ) ಆಗುತ್ತದೆ, ಆ ಸ್ಪೋರ್ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರುತ್ತದೆ. 1876ರಲ್ಲಿ ರಾಬರ್ಟ್ ಕೋಖ್ ತೋರಿಸಿಕೊಟ್ಟದ್ದು ಇದನ್ನೇ. ಪಶುವೈದ್ಯರು ಕಿವಿಯ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆದು ಸ್ಲೈಡ್ ಮಾಡುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಸುಣ್ಣ ಹಾಕಿ ಆಳಕ್ಕೆ ಹೂಳಬೇಕು. ಆದರೆ ಸಾಯುತ್ತಿರುವ ಕುರಿಯನ್ನು ಕೊಯ್ದು ಪಾಲು ಹಾಕಿಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ಸಾವಿರಾರು ರೂಪಾಯಿಯ ಕುರಿ, ಮಣ್ಣಿಗೆ ಹಾಕು ಅಂದರೆ ಯಾರಿಗೆ ಮನಸ್ಸು ಬರುತ್ತದೆ? ಚರ್ಮ ಸುಲಿದವರ ಕೈ ಮೇಲೆ ಮೊದಲು ಹುಳ ಕಚ್ಚಿದಂಥ ಗುಳ್ಳೆ ಏಳುತ್ತದೆ, ತುರಿಸುತ್ತದೆ, ನೀರು ತುಂಬುತ್ತದೆ, ಕೊನೆಗೆ ನಡುವೆ ಕರ್ರಗೆ ಹಕ್ಕಳೆ ಕಟ್ಟುತ್ತದೆ. ಸುತ್ತ ಊತ ಬಹಳ, ನೋವು ಮಾತ್ರ ಇರುವುದಿಲ್ಲ. ನೋವಿಲ್ಲ ಎಂದೇ ಜನ ಸುಮ್ಮನಾಗುತ್ತಾರೆ. ಈ ಹಂತದಲ್ಲಿ ಬಂದರೆ ಆಂಟಿಬಯೊಟಿಕ್‌ನಿಂದ ಗುಣವಾಗುವ ಕಾಯಿಲೆ ಇದು, ಡಾಕ್ಟರಿಗೆ ಕುರಿಯ ಸಂಗತಿಯನ್ನು ಮುಚ್ಚಿಡದೆ ಹೇಳಿದರೆ ಸಾಕು. ಆಂಥ್ರಾಕ್ಸ್ ಕಂಡ ಊರುಗಳಲ್ಲಿ ಕುರಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು.

ಇದರದೇ ದಾಯಾದಿ ಬ್ಯಾಸಿಲಸ್ ಸೀರಿಯಸ್ ಇರುವುದು ಅನ್ನದಲ್ಲಿ. ಮದುವೆಮನೆಯ ದೊಡ್ಡ ಡೇಗಿನಲ್ಲಿ ಉಳಿದ ತಹರಿ ರಾತ್ರಿಯೆಲ್ಲ ಬೆಚ್ಚಗೇ ಇದ್ದರೆ, ಬೇಯಿಸಿದಾಗಲೂ ಸಾಯದ ಸ್ಪೋರ್ ಮೊಳೆತು ವಿಷ ಬಿಡುತ್ತದೆ. ಬೆಳಿಗ್ಗೆ ಬಿಸಿ ಮಾಡಿದರೆ ಆ ವಿಷ ಹೋಗುವುದಿಲ್ಲ. ತಿಂದು 1ರಿಂದ 6 ತಾಸಿನೊಳಗೆ ವಾಂತಿ ಶುರು. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ, ಓಆರ್‌ಎಸ್ ಕುಡಿಸುತ್ತಿರಿ.

ಗಾಳಿ ಬೇಡದ ಕಡ್ಡಿಗಳು ಕ್ಲಾಸ್ಟ್ರಿಡಿಯಂ ಗುಂಪಿನವು. ಕುರಿಗಳಿಗೆ ಬರುವ ಕರುಳುಬೇನೆ, ಮನುಷ್ಯರ ಗ್ಯಾಸ್ ಗ್ಯಾಂಗ್ರೀನ್ (ಗಾಯದ ಮಾಂಸ ಕೊಳೆಯುವುದು), ಬೊಟುಲಿಸಂ (ವಿಷದಿಂದ ಸ್ನಾಯು ಸೋಲುವುದು), ಧನುರ್ವಾಯು ಎಲ್ಲ ಇವುಗಳದೇ ಕೆಲಸ. ವರ್ಷ ತುಂಬದ ಕೂಸಿನ ಬಾಯಿಗೆ ಜೇನು ಹಚ್ಚಬೇಡಿ ಅನ್ನುವುದು ಬೊಟುಲಿಸಂ ಕಾರಣಕ್ಕೆ. ಅಜ್ಜಿಯರು ಸಿಟ್ಟಾದರೂ ಪರವಾಗಿಲ್ಲ. ಧನುರ್ವಾಯುವಿಗೆ ಲ್ಯಾಬ್ ಪರೀಕ್ಷೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ದವಡೆ ಬಿಗಿದಿರುವುದನ್ನು ನೋಡಿಯೇ ಡಾಕ್ಟರು ಹೇಳುತ್ತಾರೆ. ತೊಗರಿ ಕಟಾವಿನಲ್ಲಿ ಕುಡುಗೋಲು ತಾಗಿ ಮಣ್ಣು ಸೇರಿದ ಗಾಯಕ್ಕೆ ಅರಿಶಿನ ಮೆತ್ತಿ ಕೂರಬೇಡಿ, ಸೋಪು ನೀರಲ್ಲಿ ತೊಳೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಾಲ್ಯದ ಲಸಿಕೆಗಳು ಪೂರ್ತಿಯಾಗಿದ್ದು, ಧನುರ್ವಾಯುವಿನ ಕೊನೆಯ ಲಸಿಕೆ (ಟಿಟಿ ಅಥವಾ ಟಿಡಿ ಚುಚ್ಚುಮದ್ದು) ಹಾಕಿಸಿ 5 ವರ್ಷದ ಮೇಲಾಗಿದ್ದರೆ ಇಂಥ ಗಾಯಕ್ಕೆ ಇನ್ನೊಂದು ಬೇಕು. ಲಸಿಕೆ ಹಾಕಿಸಿದ್ದೇ ನೆನಪಿಲ್ಲದಿದ್ದರೆ ಅದನ್ನೂ ಹೇಳಿ, ಜೊತೆಗೆ ಇಮ್ಯುನೊಗ್ಲೋಬುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೊಡಬೇಕಾಗಬಹುದು.