ಕೆಳತುಟಿಯ ಒಳಗೆ ನೋವಿಲ್ಲದ ಗುಳ್ಳೆ ಒಡೆದು ಮತ್ತೆ ಮತ್ತೆ ಬರುತ್ತಿದೆ. ಏನಿರಬಹುದು?

ಕಡಲೆ ಗಾತ್ರದ ಗುಳ್ಳೆ, ನೋವಿಲ್ಲ, ಒಡೆದಾಗ ಅಂಟಂಟು ನೀರು ಬಂದು ಚಪ್ಪಟೆಯಾಗುತ್ತದೆ, ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ ಎಂದು ಬರೆದಿದ್ದೀರಿ. ನನಗೂ ಹೀಗೆಯೇ ಆಗಿತ್ತು. ನಾನು ವೈದ್ಯನಲ್ಲ, ನಿಮ್ಮ ತುಟಿಯನ್ನು ನೋಡಿಯೂ ಇಲ್ಲ. ನನ್ನದು ಮ್ಯೂಕೋಸೀಲ್, ಅಂದರೆ ಲೋಳೆ ತುಂಬಿದ ಗುಳ್ಳೆ, ಎಂದು ದಂತವೈದ್ಯೆ ಹೇಳಿದರು.

ತುಟಿಯ ಒಳಪದರದ ಕೆಳಗೆ ಚಿಕ್ಕ ಚಿಕ್ಕ ಲಾಲಾಗ್ರಂಥಿಗಳಿರುತ್ತವೆ. ಊಟದ ನಡುವೆ ತುಟಿ ಕಚ್ಚಿಕೊಂಡರೆ ಅವುಗಳಲ್ಲೊಂದರ ನಾಳ ಹರಿಯಬಹುದು. ಆಗ ಲೋಳೆ ಬಾಯಿಗೆ ಬರದೆ ಒಳಗೇ ಸೋರಿ ಗುಳ್ಳೆಯಾಗುತ್ತದೆ. ಒಡೆದರೆ ಬರಿದಾಗುವುದು ಗುಳ್ಳೆ ಮಾತ್ರ; ಗ್ರಂಥಿ ಲೋಳೆ ಸುರಿಸುತ್ತಲೇ ಇರುತ್ತದೆ. ಆದ್ದರಿಂದ ಸೂಜಿಯಿಂದ ಚುಚ್ಚಬೇಡಿ. ಪ್ರಯೋಜನವಿಲ್ಲ, ಸೋಂಕು ತಗಲಬಹುದು.

ನಮ್ಮಲ್ಲಿ ಬಾಯಲ್ಲಿ ಏನೇ ಎದ್ದರೂ ‘ಉಷ್ಣ’ ಎನ್ನುತ್ತಾರೆ. ನನಗೂ ಎಳನೀರು, ಮೆಂತ್ಯದ ನೀರು, ಎಣ್ಣೆಸ್ನಾನ ಎಲ್ಲವೂ ಆಯಿತು. ಔಷಧಿ ಅಂಗಡಿಯವರು ಬಿ ಕಾಂಪ್ಲೆಕ್ಸ್ ಮಾತ್ರೆಯನ್ನೂ ಕೊಟ್ಟರು. ಎಳನೀರು ಕುಡಿಯಲು ನೆಪವೇನೂ ಬೇಕಿಲ್ಲ, ಆದರೆ ಹರಿದ ನಾಳವನ್ನು ಅದು ಕೂಡಿಸುವುದಿಲ್ಲ.

ಸಣ್ಣ ಗುಳ್ಳೆ ಕೆಲವರಲ್ಲಿ ತಾನಾಗಿಯೇ ಮಾಯವಾಗುತ್ತದೆ. ಪದೇ ಪದೇ ಬರುವುದಾದರೆ ಕತ್ತರಿಸಿ ತೆಗೆಯುತ್ತಾರೆ. ಅರಿವಳಿಕೆಯ ಸೂಜಿ ತುಟಿಗೆ ಇಳಿಯುವ ಕ್ಷಣ ಚೆನ್ನಾಗಿಯೇ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಎಳೆದಂತೆ ಅನ್ನಿಸುವುದಷ್ಟೇ. ಗುಳ್ಳೆಯ ಜೊತೆಗೆ ಅಕ್ಕಪಕ್ಕದ ಸಣ್ಣ ಗ್ರಂಥಿಗಳನ್ನೂ ತೆಗೆಯುತ್ತೀರಾ ಎಂದು ಮೊದಲೇ ಕೇಳಿ, ಏಕೆಂದರೆ ಅವು ಉಳಿದರೆ ಗುಳ್ಳೆ ಮರಳುವ ಸಾಧ್ಯತೆ ಹೆಚ್ಚು. ತೆಗೆದದ್ದನ್ನು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲು, ಕಳುಹಿಸಲು ಹೇಳಿ. ಹೊಲಿಗೆ ಇರುವಷ್ಟು ದಿನ ಗಂಜಿ, ಮೊಸರನ್ನವೇ ಗತಿ. ಉಪ್ಪಿನಕಾಯಿಯ ಕಡೆ ನೋಡಬೇಡಿ. ಸ್ವಲ್ಪ ಕಾಲ ಆ ಜಾಗ ಮರಗಟ್ಟಿದಂತೆ ಇರಬಹುದು.

ತುಟಿಯ ಮೇಲಿನ ಗಂಟೆಲ್ಲ ಇದೇ ಅಲ್ಲ. ಹಳದಿ ಮಿಶ್ರಿತ ಬಿಳಿಯ ಸಣ್ಣ ಕಾಳುಗಳು ಗುಂಪಾಗಿದ್ದರೆ ಅವು ಫೋರ್ಡೈಸ್ ಕಣಗಳು ಎಂಬ ಸಹಜ ಎಣ್ಣೆಗ್ರಂಥಿಗಳಿರಬಹುದು, ಅವುಗಳಿಗೆ ಚಿಕಿತ್ಸೆ ಬೇಕಿಲ್ಲ. ಉರಿಯೊಂದಿಗೆ ನೀರುಗುಳ್ಳೆಗಳಾಗಿ ಹೊಪ್ಪಳೆಗಟ್ಟಿದರೆ ಸಾಮಾನ್ಯವಾಗಿ ಹರ್ಪಿಸ್ ಎಂಬ ವೈರಸ್ ಸೋಂಕು. ಮೇಲ್ತುಟಿಯಲ್ಲಿ ಮ್ಯೂಕೋಸೀಲ್ ಅಪರೂಪ, ಹಾಗಾಗಿ ಅಲ್ಲಿ ಗಟ್ಟಿ ಗಂಟು ಕಂಡರೆ ತಡಮಾಡದೆ ತೋರಿಸಬೇಕು.

ಗುಟ್ಕಾ, ತಂಬಾಕು, ಎಲೆಅಡಿಕೆಯ ಅಭ್ಯಾಸವಿದ್ದರೆ ಬೇಗ ತೋರಿಸುವುದು ಇನ್ನೂ ಮುಖ್ಯ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಅಡಿಕೆ ತೋಟದ ಮನೆಯವನಾದ ನನಗೆ ಇದನ್ನು ಬರೆಯಲು ಮುಜುಗರವೇ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ರಕ್ತ ಒಸರುವುದು, ಕುತ್ತಿಗೆಯಲ್ಲಿ ಗಡ್ಡೆ, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಮೊದಲು ದಂತವೈದ್ಯರ ಬಳಿ ಹೋಗಿ. ಸರ್ಕಾರಿ ದಂತ ಕಾಲೇಜು ಹತ್ತಿರವಿದ್ದರೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸಾ ವಿಭಾಗ ಅಲ್ಲಿಯೇ ಇರುತ್ತದೆ, ಖರ್ಚೂ ಕಡಿಮೆ.